‘ಮತ್ತೆ’ ಅಂದರೆ ಯಾವ ಮತ್ತೆ?

ಜೈಲಿನಿಂದ ಹೊರಬಂದವರು ಮತ್ತೆ ಜೈಲಿಗೆ ಯಾಕೆ ಹೋಗುತ್ತಾರೆ? ಈ ಒಂದು ಪ್ರಶ್ನೆ ಹಿಡಿದುಕೊಂಡು ನಾನು ಮೂರು ದೇಶಗಳಲ್ಲಿ ಓದಿದ್ದೇನೆ. ಇಂಗ್ಲೆಂಡಿನಲ್ಲಿ ಒಂದು ವರ್ಷದ ಸ್ನಾತಕೋತ್ತರ ಪದವಿ, ಆಮೇಲೆ ಬೆಲ್ಜಿಯಂನಲ್ಲಿ ಆರು ತಿಂಗಳು, ಈಗ ನಾರ್ವೆಯಲ್ಲಿ ಪಿಎಚ್.ಡಿ. ಮೂರೂ ಕಡೆ ವಿಷಯದ ಹೆಸರು ಅಪರಾಧಶಾಸ್ತ್ರವೇ. ಓದುವ ಪುಸ್ತಕಗಳೂ ಅರ್ಧಕ್ಕರ್ಧ ಅವೇ. ಆದರೆ ಗಡಿ ದಾಟಿದ ಪ್ರತಿ ಸಲವೂ ನನ್ನ ಪ್ರಶ್ನೆಯನ್ನು ಯಾರೋ ಬಿಚ್ಚಿ, ಬೇರೆ ಥರ ಜೋಡಿಸಿ ವಾಪಸ್ ಕೈಗೆ ಕೊಟ್ಟಿದ್ದಾರೆ. ಈ ವಿಷಯ ಓದಲು ಯಾವ ದೇಶ ಒಳ್ಳೆಯದು ಅಂತ ಕೇಳುವವರು ತುಂಬಾ ಜನ. ಅವರಿಗೆ ಎರಡು ಸಾಲಿನ ಉತ್ತರ ಕೊಡಲು ನನ್ನಿಂದ ಆಗಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಶುರುವಿನಲ್ಲೇ ಒಂದು ಮಾತು. ಅಪರಾಧಶಾಸ್ತ್ರ ಅಂದರೆ ರಕ್ತದ ಕಲೆ, ಬೆರಳಚ್ಚು ನೋಡುವ ಫೊರೆನ್ಸಿಕ್ ಅಲ್ಲ. ಕೊಲೆಗಾರನನ್ನು ಪತ್ತೆ ಹಚ್ಚುವ ತರಬೇತಿಯೂ ಅಲ್ಲ. ಯಾವುದನ್ನು ಅಪರಾಧ ಅನ್ನುತ್ತೇವೆ, ಯಾರು ಮಾಡುತ್ತಾರೆ, ಯಾಕೆ ಮಾಡುತ್ತಾರೆ, ಯಾಕೆ ಬಿಡುತ್ತಾರೆ, ಶಿಕ್ಷೆ ಕೊಟ್ಟರೆ ಏನಾಗುತ್ತದೆ, ಇವೇ ಅದರ ಪ್ರಶ್ನೆಗಳು. ಇದು ಗೊತ್ತಿಲ್ಲದೆ ಸೇರಿ ಮೊದಲ ತಿಂಗಳಲ್ಲೇ ಬೇಸರಪಟ್ಟವರನ್ನು ನೋಡಿದ್ದೇನೆ.

ಇಂಗ್ಲೆಂಡಿಗೆ ಹೋದ ಹೊಸತರಲ್ಲಿ ಪ್ರಬಂಧದ ವಿಷಯ ಬರೆದು ಕೊಡಬೇಕಿತ್ತು. ನಾನು ಬರೆದ ಒಂದು ಪುಟವನ್ನು ನನ್ನ ಗೈಡ್ ಓದಿದರು. ‘ಮತ್ತೆ’ ಎಂಬ ಪದಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿದರು. ಇದು ಯಾವ ಮತ್ತೆ ಅಂತ ಕೇಳಿದರು. ನನಗೆ ಅರ್ಥವೇ ಆಗಲಿಲ್ಲ. ಮತ್ತೆ ಅಂದರೆ ಮತ್ತೆ, ಅಷ್ಟೇ ಅಲ್ವಾ? ಅಲ್ಲ. ಪೊಲೀಸರು ಮತ್ತೆ ಹಿಡಿದರೆ ಅದು ಒಂದು ಲೆಕ್ಕ. ನ್ಯಾಯಾಲಯದಲ್ಲಿ ಮತ್ತೆ ಅಪರಾಧ ಸಾಬೀತಾದರೆ ಇನ್ನೊಂದು. ಮತ್ತೆ ಜೈಲು ಶಿಕ್ಷೆಯೇ ಆದರೆ ಮೂರನೆಯದು. ಹೊಸ ಅಪರಾಧ ಏನೂ ಮಾಡದೆ, ಅಧಿಕಾರಿಯನ್ನು ಭೇಟಿ ಮಾಡಬೇಕಾದ ದಿನ ತಪ್ಪಿಸಿ, ಬಿಡುಗಡೆಯ ಷರತ್ತು ಮುರಿದು ಒಳಗೆ ಹೋದರೆ ಅದು ನಾಲ್ಕನೆಯದು. ಒಬ್ಬನೇ ಮನುಷ್ಯ, ಒಂದೇ ಬದುಕು. ಯಾವ ಬಾಗಿಲಿನಲ್ಲಿ ನಿಂತು ಎಣಿಸುತ್ತೀರಿ ಎನ್ನುವುದರ ಮೇಲೆ ಅವನು ಸುಧಾರಿಸಿದವನೂ ಆಗಬಹುದು, ಸೋತವನೂ ಆಗಬಹುದು.

ಇದಕ್ಕೆ ನನಗೆ ಸಿಕ್ಕ ಅತ್ಯಂತ ಒಳ್ಳೆಯ ಉದಾಹರಣೆ ನಾರ್ವೆ ಮತ್ತು ಅಮೆರಿಕದ ಹೋಲಿಕೆ. ನಾರ್ವೆಯಲ್ಲಿ 20 ಶೇಕಡಾ ಜನ ಮಾತ್ರ ಮರಳಿ ಅಪರಾಧಕ್ಕೆ ಹೋಗುತ್ತಾರೆ, ಅಮೆರಿಕದಲ್ಲಿ 68 ಶೇಕಡಾ ಅಂತ ಎಲ್ಲ ಕಡೆ ಓದುತ್ತೇವೆ. ಎರಡು ಸಂಖ್ಯೆಗಳೂ ನಿಜ. ಆದರೆ ನಾರ್ವೆಯದ್ದು ಎರಡು ವರ್ಷದ ಲೆಕ್ಕ, ಹೊಸ ಶಿಕ್ಷೆ ಆದವರನ್ನು ಮಾತ್ರ ಎಣಿಸಿದ್ದು. ಅಮೆರಿಕದ್ದು ಮೂರು ವರ್ಷದ ಲೆಕ್ಕ, ಬರೀ ಬಂಧನವನ್ನು ಎಣಿಸಿದ್ದು. 2005ರಲ್ಲಿ ಅಮೆರಿಕದ 30 ರಾಜ್ಯಗಳ ಜೈಲುಗಳಿಂದ ಹೊರಬಂದವರನ್ನು ಐದು ವರ್ಷ ಹಿಂಬಾಲಿಸಿದ ಸರ್ಕಾರಿ ಅಧ್ಯಯನವನ್ನು ತೆಗೆದು ನೋಡಿದರೆ, ಐದು ವರ್ಷದೊಳಗೆ ಮತ್ತೆ ಬಂಧನವಾದವರು ಸುಮಾರು 77 ಶೇಕಡಾ, ಮತ್ತೆ ಅಪರಾಧ ಸಾಬೀತಾದವರು ಸುಮಾರು 55 ಶೇಕಡಾ, ಹೊಸ ಅಪರಾಧಕ್ಕೆ ಊರಿನ ಸಣ್ಣ ಜೈಲಲ್ಲದೆ ದೊಡ್ಡ ಜೈಲಿನ ಶಿಕ್ಷೆಯೇ ಆದವರು ಸುಮಾರು 28 ಶೇಕಡಾ. ಅವೇ ಜನ, ಅದೇ ಐದು ವರ್ಷ! ಇನ್ನು ನಾರ್ವೆಯಲ್ಲಿ ಕೆಲವೇ ವಾರ, ಕೆಲವೇ ತಿಂಗಳ ಸಣ್ಣ ಶಿಕ್ಷೆಗಳು ಜಾಸ್ತಿ, ಕುಡಿದು ಗಾಡಿ ಓಡಿಸಿದವರೂ ಜೈಲು ನೋಡಿ ಬಂದಿರುತ್ತಾರೆ. ಹಾಗಾಗಿ ಹೊರಬರುವ ಜನರೇ ಬೇರೆ. ನಾರ್ವೆಯ ಜೈಲುಗಳಲ್ಲಿ ಕಲಿಯುವುದು ಬೇಕಾದಷ್ಟಿದೆ ಅಂತ ನಾನು ಮನಸಾರೆ ನಂಬಿದ್ದೇನೆ. ಆದರೆ ಈ 20 ಮತ್ತು 68ನ್ನು ಅಕ್ಕಪಕ್ಕ ಇಟ್ಟು ಅದನ್ನು ಸಾಬೀತು ಮಾಡಲು ಆಗುವುದಿಲ್ಲ.

ಇದು ಮರಳಿ ಹೋಗುವವರ ಲೆಕ್ಕಕ್ಕೆ ಮಾತ್ರ ಸೀಮಿತವಲ್ಲ. ಸ್ವೀಡನ್‌ನಲ್ಲಿ ಒಬ್ಬಳು ಹೆಣ್ಣುಮಗಳು ವರ್ಷವಿಡೀ ನಡೆದ ಲೈಂಗಿಕ ದೌರ್ಜನ್ಯದ ಬಗ್ಗೆ ಒಂದು ದಿನ ಠಾಣೆಗೆ ಬಂದು ಹೇಳಿದರೆ, ಅದರಲ್ಲಿ ಗುರುತಿಸಬಹುದಾದ ಪ್ರತಿಯೊಂದು ಘಟನೆಯೂ ಬೇರೆ ಬೇರೆ ಅಪರಾಧವಾಗಿ ದಾಖಲಾಗುತ್ತದೆ. ಭಾರತದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಒಂದು ಎಫ್ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅವುಗಳಲ್ಲಿ ಅತಿ ಗಂಭೀರವಾದ ಒಂದನ್ನು ಮಾತ್ರ ಎಣಿಸುತ್ತದೆ. ಅಮೆರಿಕದ ಎಫ್‌ಬಿಐ ಕೂಡ ದಶಕಗಳ ಕಾಲ ಹೀಗೇ ಮಾಡಿ, 2021ರಲ್ಲಿ ಹೊಸ ಪದ್ಧತಿಗೆ ಬದಲಾಯಿತು. ಇಂಗ್ಲೆಂಡಿನಲ್ಲಂತೂ ಪೊಲೀಸರು ದೂರುಗಳನ್ನು ಸರಿಯಾಗಿ ದಾಖಲಿಸುತ್ತಿಲ್ಲ ಎಂಬ ಕಾರಣಕ್ಕೆ 2014ರಲ್ಲಿ ಪೊಲೀಸ್ ಅಂಕಿ-ಅಂಶಗಳಿಗೆ ಇದ್ದ ಅಧಿಕೃತ ಗುಣಮಟ್ಟದ ಮುದ್ರೆಯನ್ನೇ ವಾಪಸ್ ತೆಗೆದುಕೊಂಡರು. ಅಲ್ಲಿ 1982ರಿಂದ ಮನೆಮನೆಗೆ ಹೋಗಿ, ನಿಮಗೆ ಕಳೆದ ವರ್ಷ ಏನೇನಾಯಿತು ಅಂತ ಜನರನ್ನೇ ಕೇಳುವ ದೊಡ್ಡ ಸಮೀಕ್ಷೆ ಇದೆ, ಠಾಣೆಯ ಮೆಟ್ಟಿಲು ಹತ್ತದ ಎಷ್ಟೋ ಅಪರಾಧಗಳು ಅದರಲ್ಲಿ ಕಾಣುತ್ತವೆ. ಒಂದೇ ದೇಶದಲ್ಲಿ ಓದಿದ್ದರೆ ಆ ದೇಶದ ಎಣಿಕೆಯೇ ಪ್ರಪಂಚದ ಎಣಿಕೆ ಅಂದುಕೊಂಡು ಇರುತ್ತಿದ್ದೆ.

ಬೆಲ್ಜಿಯಂನಲ್ಲಿ ಆಗಿದ್ದು ಬೇರೆ. ಅಲ್ಲಿ ಅಪರಾಧಶಾಸ್ತ್ರ ಕಾನೂನು ವಿಭಾಗದ ಒಳಗೇ ಇರುತ್ತದೆ. ಜರ್ಮನಿ, ನೆದರ್ಲೆಂಡ್ಸ್‌ನಲ್ಲೂ ಬಹುಮಟ್ಟಿಗೆ ಹೀಗೇ. ನನ್ನ ಪಕ್ಕದಲ್ಲಿ ಕೂತವರಲ್ಲಿ ಅರ್ಧ ಜನ ಕಾನೂನು ಓದಿದವರು. ಸೆಮಿನಾರಿನಲ್ಲಿ ನನ್ನ ಪ್ರಶ್ನೆ ಮುಂದಿಟ್ಟಾಗ ಅವರು ಮೊದಲು ಕೇಳಿದ್ದು, ಬಿಡುಗಡೆಯ ಷರತ್ತು ಹಾಕುವುದು ಯಾರು, ನ್ಯಾಯಾಧೀಶರೋ ಜೈಲಿನ ಆಡಳಿತವೋ, ಅದನ್ನು ಕೈದಿ ಪ್ರಶ್ನಿಸಬಹುದೋ ಇಲ್ಲವೋ ಅಂತ. ನಾನು ಇಂಗ್ಲೆಂಡಿನಲ್ಲಿ ಒಂದು ವರ್ಷ ಪೂರ್ತಿ ಈ ವಿಷಯ ಓದಿದ್ದೆ, ಈ ಪ್ರಶ್ನೆ ಒಮ್ಮೆಯೂ ತಲೆಗೆ ಬಂದಿರಲಿಲ್ಲ. ಯಾಕೆಂದರೆ ಅಲ್ಲಿ ನಾನಿದ್ದ ವಿಭಾಗದಲ್ಲಿ ಎಲ್ಲರೂ ಸಮಾಜಶಾಸ್ತ್ರದವರು. ಬಡತನ, ಮನೆ, ಕೆಲಸ, ಊರಿನ ಯಾವ ಭಾಗ, ಇದೇ ನಮ್ಮ ಮಾತು. ಅಮೆರಿಕದಲ್ಲಿ ಪಿಎಚ್.ಡಿ ಮಾಡುತ್ತಿರುವ ಗೆಳತಿಗೆ ಫೋನ್ ಮಾಡಿ ಕೇಳಿದರೆ ಅವಳು ಮೂರನೆಯದೇ ಹೇಳಿದಳು. ನಿನ್ನ ಸ್ಯಾಂಪಲ್ ಎಷ್ಟು, ಹೋಲಿಸಲು ಇನ್ನೊಂದು ಗುಂಪು ಇದೆಯಾ? ಅವಳಿಗೆ ಮೊದಲ ಎರಡು ವರ್ಷ ಬರೀ ತರಗತಿಗಳು, ಅದರಲ್ಲಿ ಹೆಚ್ಚಿನವು ಅಂಕಿ-ಅಂಶದ್ದು, ಆಮೇಲೆ ದೊಡ್ಡ ಪರೀಕ್ಷೆ, ಅದು ಪಾಸಾದ ಮೇಲೇ ಸಂಶೋಧನೆ. ಯುರೋಪಿನಲ್ಲಿ ಹೆಚ್ಚಿನ ಕಡೆ ಪಿಎಚ್.ಡಿ ಅಂದರೆ ಮೊದಲ ದಿನದಿಂದಲೇ ನಿಮ್ಮ ಸಂಶೋಧನೆ ಶುರು.

ಹಾಗಾಗಿ ಯಾವ ದೇಶ ಅಂತ ಕೇಳುವ ಮೊದಲು, ಆ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಯಾವ ವಿಭಾಗದ ಒಳಗೆ ಇದೆ ಅಂತ ನೋಡಿ. ರ‍್ಯಾಂಕಿಂಗ್ ಪಟ್ಟಿಯಲ್ಲಿ ಇದು ಸಿಗುವುದಿಲ್ಲ. ಪಾಠ ಮಾಡುವವರು ಕಳೆದ ಐದು ವರ್ಷದಲ್ಲಿ ಏನು ಬರೆದಿದ್ದಾರೆ ಅಂತ ಹುಡುಕಿ ಓದಬೇಕು. ಇಂಗ್ಲೆಂಡಿನ ಒಂದು ವರ್ಷದ ಕೋರ್ಸ್ ಬೇಗ ಮುಗಿಯುತ್ತದೆ, ನಿಜ, ಆದರೆ ಜೈಲಿನೊಳಗೆ ಹೋಗಿ ಸಂಶೋಧನೆ ಮಾಡುವ ಆಸೆ ಇದ್ದರೆ ಆ ವರ್ಷ ಅನುಮತಿ ಕಾಯುವುದರಲ್ಲೇ ಕಳೆದುಹೋಗಬಹುದು. ನನಗೆ ಆಗಿದ್ದು ಅದೇ. ಅರ್ಜಿಗೆ ಉತ್ತರ ಬರುವಷ್ಟರಲ್ಲಿ ಪ್ರಬಂಧ ಒಪ್ಪಿಸುವ ದಿನ ಎದುರಿಗಿತ್ತು. ಕೊನೆಗೆ ಯಾರೋ ಹಿಂದೆ ಸಂಗ್ರಹಿಸಿದ್ದ ಸಂದರ್ಶನಗಳನ್ನೇ ಓದಿ ಬರೆದೆ. ಆಗ ತುಂಬಾ ನೋವಾಗಿತ್ತು.

ದೇಶ ದೇಶ ದಾಟಿ ಓದುವುದು ಈ ಶಾಸ್ತ್ರಕ್ಕೆ ಹೊಸದೇನೂ ಅಲ್ಲ. ಲಿಯಾನ್ ರಾಡ್ಜಿನೋವಿಚ್ ಅಂತ ಒಬ್ಬರು. ಹುಟ್ಟಿದ್ದು 1906ರಲ್ಲಿ, ಪೋಲೆಂಡಿನ ಲಾಡ್ಜ್ ನಗರದಲ್ಲಿ. ಓದಿದ್ದು ಪ್ಯಾರಿಸ್, ಜಿನೀವಾ, ರೋಮ್. ರೋಮ್‌ನಲ್ಲಿ ಅವರ ಗುರು ಎನ್ರಿಕೊ ಫೆರ‍್ರಿ. ಅಪರಾಧಿಯಾಗುವುದು ಮನುಷ್ಯನ ಇಚ್ಛೆಯಿಂದಲ್ಲ, ಕಾರಣಗಳಿಂದ ಎಂದು ನಂಬಿದ ಪಂಥದ ದೊಡ್ಡ ಹೆಸರು. ರಾಡ್ಜಿನೋವಿಚ್ ಯೌವನದಲ್ಲಿ ಆ ಪಂಥವನ್ನು ಪೂರ್ತಿ ನಂಬಿ, ಇಂಗ್ಲೆಂಡಿಗೆ ಬಂದ ಮೇಲೆ ನಿಧಾನಕ್ಕೆ ಅದರಿಂದ ದೂರ ಸರಿದರು. 1959ರಲ್ಲಿ ಕೇಂಬ್ರಿಜ್‌ನಲ್ಲಿ ಅಪರಾಧಶಾಸ್ತ್ರ ಸಂಸ್ಥೆ ಕಟ್ಟಿದ್ದು ಅವರೇ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಈ ವಿಷಯ ಶುರುಮಾಡಿದ ಹರ್ಮನ್ ಮಾನ್‌ಹೈಮ್, ಆಕ್ಸ್‌ಫರ್ಡ್‌ನಲ್ಲಿ ಶುರುಮಾಡಿದ ಮ್ಯಾಕ್ಸ್ ಗ್ರೂನ್‌ಹಟ್, ಇಬ್ಬರೂ ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟು ಬಂದವರು. ಇವತ್ತು ಬ್ರಿಟಿಷ್ ಅಪರಾಧಶಾಸ್ತ್ರ ಅಂತ ಕರೆಯುವುದಕ್ಕೆ ಅಡಿಪಾಯ ಹಾಕಿದ ಈ ಮೂವರೂ ಹೊರಗಿನಿಂದ ಬಂದವರು ಎನ್ನುವುದು ನನಗೆ ಆ ದೇಶದಲ್ಲಿ ಒಂಟಿ ಅನ್ನಿಸಿದ ದಿನಗಳಲ್ಲಿ ತುಂಬಾ ಧೈರ್ಯ ಕೊಟ್ಟಿತ್ತು.

ಆದರೆ ಪಾಠದ ಪಟ್ಟಿಯಲ್ಲಿ ಬಿಟ್ಟುಹೋದದ್ದೂ ಇದೆ. ಹುಟ್ಟು ಅಪರಾಧಿ ಎಂಬ ಕಲ್ಪನೆಯನ್ನು ಎಲ್ಲ ಕಡೆಯೂ ಇಟಲಿಯ ವೈದ್ಯ ಲೊಂಬ್ರೋಸೊನಿಂದ ಶುರುಮಾಡುತ್ತಾರೆ. ಅವನ ಪುಸ್ತಕ ಬಂದಿದ್ದು 1876ರಲ್ಲಿ. ಬ್ರಿಟಿಷರು ಭಾರತದಲ್ಲಿ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳು ಅಂತ ಪಟ್ಟಿ ಮಾಡಿ, ಹೆಸರು ನೋಂದಾಯಿಸಿ, ಊರು ಬಿಟ್ಟು ಹೋಗಲು ಅನುಮತಿ ಕೇಳುವಂತೆ ಮಾಡಿದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂದಿದ್ದು 1871ರಲ್ಲಿ, ಅಂದರೆ ಅದಕ್ಕೂ ಐದು ವರ್ಷ ಮೊದಲು. ಇಟಲಿಯಲ್ಲಿ ಒಬ್ಬ ವೈದ್ಯ ತಲೆಬುರುಡೆ ಅಳೆದು ಬರೆದದ್ದು ಚರಿತ್ರೆಯಾಯಿತು. ಲಕ್ಷಾಂತರ ಜನರ ಮೇಲೆ ಕಾನೂನಾಗಿಯೇ ನಡೆದದ್ದು ಪಾಠದಲ್ಲಿ ಇರಲಿಲ್ಲ. ನಾನು ತರಗತಿಯಲ್ಲಿ ಎದ್ದು ಇದನ್ನು ಹೇಳಿದಾಗ ಯಾರಿಗೂ ಗೊತ್ತಿರಲಿಲ್ಲ. ಪಾಠ ಮಾಡುತ್ತಿದ್ದವರು ಬರೆದುಕೊಂಡರು, ಮುಂದಿನ ವಾರ ಅದರ ಮೇಲೆ ಒಂದು ಪ್ರಬಂಧ ಓದಲು ಕೊಟ್ಟರು. ಬೇರೆ ದೇಶದಿಂದ ಹೋಗುವ ವಿದ್ಯಾರ್ಥಿ ಬರೀ ಕಲಿಯಲು ಹೋಗುವುದಿಲ್ಲ, ಕೊಡಲೂ ಅವನ ಹತ್ತಿರ ಇರುತ್ತದೆ. ದಯವಿಟ್ಟು ಸುಮ್ನೆ ಕೂರಬೇಡಿ.

ಅಪರಾಧವನ್ನು ಯಾಕೆ ಬಿಡುತ್ತಾರೆ ಎಂಬ ಒಂದೇ ಪ್ರಶ್ನೆಗೆ ಎರಡು ಕಡೆ ಎರಡು ದಾರಿ ಹಿಡಿದದ್ದಕ್ಕೆ ನನಗೆ ಇಷ್ಟವಾದ ಜೋಡಿ ಬಾಸ್ಟನ್ ಮತ್ತು ಲಿವರ್‌ಪೂಲ್. ಬಾಸ್ಟನ್‌ನಲ್ಲಿ ಬಾಲ್ಯದಲ್ಲೇ ಅಪರಾಧಕ್ಕೆ ಇಳಿದಿದ್ದ 500 ಹುಡುಗರನ್ನು ಗ್ಲುಯೆಕ್ ದಂಪತಿ ವರ್ಷಗಟ್ಟಲೆ ಹಿಂಬಾಲಿಸಿ ಮಾಹಿತಿ ಸಂಗ್ರಹಿಸಿದ್ದರು. ಅದೆಲ್ಲ ಹಾರ್ವರ್ಡ್ ಕಾನೂನು ಗ್ರಂಥಾಲಯದ ನೆಲಮಾಳಿಗೆಯಲ್ಲಿ ಡಬ್ಬಗಳಲ್ಲಿ ಧೂಳು ಹಿಡಿದು ಕೂತಿತ್ತು. 1980ರ ದಶಕದಲ್ಲಿ ಜಾನ್ ಲಾಬ್ ಮತ್ತು ರಾಬರ್ಟ್ ಸ್ಯಾಂಪ್ಸನ್ ಅದನ್ನು ಹೊರತೆಗೆದು ಕಂಪ್ಯೂಟರಿಗೆ ಹಾಕಿದರು. ಆಮೇಲೆ ಆ ಹುಡುಗರು ಮುದುಕರಾದ ಮೇಲೂ ಹುಡುಕಿಕೊಂಡು ಹೋದರು. ಸ್ಥಿರವಾದ ಕೆಲಸ, ಗಟ್ಟಿಯಾದ ದಾಂಪತ್ಯ, ಸೈನ್ಯದ ನೌಕರಿ, ಇವು ಸಿಕ್ಕಲ್ಲಿ ಬದುಕು ತಿರುಗಿತ್ತು. ಲಿವರ್‌ಪೂಲ್‌ನಲ್ಲಿ ಶಾಡ್ ಮರೂನಾ ಡಬ್ಬ ತೆರೆಯಲಿಲ್ಲ, ಜನರ ಕತೆ ಕೇಳಿದರು. ಅಪರಾಧ ಬಿಟ್ಟವರಿಗೂ ಬಿಡದವರಿಗೂ ಕಷ್ಟಗಳು ಹೆಚ್ಚುಕಡಿಮೆ ಒಂದೇ ಆಗಿದ್ದವು. ತಮ್ಮ ಕತೆಯನ್ನು ಹೇಳಿಕೊಳ್ಳುವ ರೀತಿ ಮಾತ್ರ ಬೇರೆ. ಬಿಟ್ಟವರು, ಒಳಗಿನ ನಾನು ಮೊದಲಿಂದ ಒಳ್ಳೆಯವನೇ, ನಡುವೆ ದಾರಿ ತಪ್ಪಿತ್ತು ಎಂಬ ಹಾಗೆ ಹೇಳಿಕೊಳ್ಳುತ್ತಿದ್ದರು. ಬಾಸ್ಟನ್ನಿನದು ಮುಖ್ಯವೋ ಲಿವರ್‌ಪೂಲ್‌ನದೋ ಅಂತ ವಾದ ಮಾಡುವವರಿದ್ದಾರೆ. ನನಗೆ ಎರಡೂ ಬೇಕು. ಎರಡನ್ನೂ ಒಬ್ಬರೇ ಕಲಿಸುವ ಜಾಗ ಮಾತ್ರ ನಾನು ಇನ್ನೂ ನೋಡಿಲ್ಲ.

ಈಗ ನನ್ನನ್ನು ನಿದ್ದೆಗೆಡಿಸಿದ ವಿಷಯಕ್ಕೆ ಬರುತ್ತೇನೆ.

ಸಂದರ್ಶನ ಕೊಡುವವರಿಗೆ ನಾವು ಒಂದು ಒಪ್ಪಿಗೆ ಪತ್ರ ಕೊಡುತ್ತೇವೆ. ನೀವು ಹೇಳಿದ್ದು ಗುಟ್ಟಾಗಿರುತ್ತದೆ ಎನ್ನುವ ಸಾಲು ಅದರಲ್ಲಿ ಇರುತ್ತದೆ. ಆ ಸಾಲಿಗೆ ಎಷ್ಟು ಬೆಲೆ? ಅದೂ ದೇಶದ ಮೇಲೆ ಹೋಗುತ್ತದೆ. 1993ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ರಿಕ್ ಸ್ಕಾರ್ಸ್ ಎಂಬ ಪಿಎಚ್.ಡಿ ವಿದ್ಯಾರ್ಥಿ ಪರಿಸರ ಮತ್ತು ಪ್ರಾಣಿ ಹಕ್ಕುಗಳ ಹೋರಾಟಗಾರರ ಮೇಲೆ ಸಂಶೋಧನೆ ಮಾಡುತ್ತಿದ್ದ. ಪ್ರಯೋಗಾಲಯವೊಂದಕ್ಕೆ ನುಗ್ಗಿದ ಪ್ರಕರಣದಲ್ಲಿ ಅವನನ್ನು ಕರೆಸಿ, ಯಾರು ಏನು ಹೇಳಿದರು ಅಂತ ಕೇಳಿದರು. ಮಾತು ಕೊಟ್ಟಿದ್ದೇನೆ, ಹೇಳುವುದಿಲ್ಲ ಅಂದ. 159 ದಿನ ಜೈಲಿನಲ್ಲಿ ಕೂತ. ಮರುವರ್ಷ, 1994ರಲ್ಲಿ, ಗಡಿಯ ಆಚೆ ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರದಲ್ಲೇ ಎಂ.ಎ ಮಾಡುತ್ತಿದ್ದ ರಸೆಲ್ ಆಗ್ಡನ್‌ನಿಗೂ ಇದೇ ಪ್ರಶ್ನೆ ಎದುರಾಯಿತು. ಏಡ್ಸ್‌ನಿಂದ ನರಳುತ್ತಿದ್ದವರಿಗೆ ಸಾಯಲು ನೆರವಾದವರ ಬಗ್ಗೆ ಅವನ ಪ್ರಬಂಧ. ಸಾವಿನ ವಿಚಾರಣೆ ನಡೆಸುವ ಅಧಿಕಾರಿ ಕರೆಸಿ ಹೆಸರು ಕೇಳಿದರು. ಅವನೂ ಹೇಳಲಿಲ್ಲ. ಕೊನೆಗೆ ಆ ಅಧಿಕಾರಿಯೇ, ಈ ಗುಟ್ಟನ್ನು ಕಾಪಾಡುವುದು ಸರಿ ಅಂತ ಒಪ್ಪಿದರು. ಅವನ ವಿಶ್ವವಿದ್ಯಾಲಯ ಆ ಹೊತ್ತಿನಲ್ಲಿ ಅವನ ಜೊತೆ ನಿಲ್ಲಲಿಲ್ಲ, ನಾಲ್ಕು ವರ್ಷದ ಮೇಲೆ ಕ್ಷಮೆ ಕೇಳಿತು. ಇಬ್ಬರೂ ವಿದ್ಯಾರ್ಥಿಗಳು. ಇಬ್ಬರೂ ಕೊಟ್ಟ ಮಾತು ಒಂದೇ. ಒಬ್ಬ ಜೈಲಿಗೆ ಹೋದ, ಇನ್ನೊಬ್ಬ ಮನೆಗೆ ಹೋದ.

ಗಡಿ ದಾಟಿದ ಸಂಶೋಧನೆಯಲ್ಲಿ ಇದು ಇನ್ನೂ ಕಷ್ಟ. ಅಮೆರಿಕದ ಬಾಸ್ಟನ್ ಕಾಲೇಜಿನ ಒಂದು ಯೋಜನೆಯಲ್ಲಿ 2001ರಿಂದ 2006ರ ತನಕ ಉತ್ತರ ಐರ್ಲೆಂಡಿನ ಮಾಜಿ ಬಂದೂಕುಧಾರಿಗಳ ಮಾತುಗಳನ್ನು ಧ್ವನಿಮುದ್ರಿಸಿಕೊಂಡಿದ್ದರು. ನೀವು ಸಾಯುವ ತನಕ ಯಾರಿಗೂ ಕೊಡುವುದಿಲ್ಲ ಎಂಬ ಭರವಸೆ ಇತ್ತು. ಟೇಪುಗಳು ಸಮುದ್ರದ ಆಚೆ, ಬೇರೆ ದೇಶದಲ್ಲಿ, ಸುರಕ್ಷಿತ ಅಂದುಕೊಂಡರು. ಆದರೆ ಅಮೆರಿಕ ಮತ್ತು ಬ್ರಿಟನ್ ನಡುವೆ ಪರಸ್ಪರ ಕಾನೂನು ನೆರವಿನ ಒಪ್ಪಂದ ಇತ್ತು. 2011ರಲ್ಲಿ ಅದರ ಮೂಲಕವೇ ಬೇಡಿಕೆ ಬಂತು, ಕೆಲವು ಧ್ವನಿಮುದ್ರಣಗಳು ಪೊಲೀಸರ ಕೈ ಸೇರಿದವು. ಜರ್ಮನಿಯಲ್ಲಿ 2020ರಲ್ಲಿ ಒಂದು ವಿಶ್ವವಿದ್ಯಾಲಯದ ಸಂಶೋಧಕರ ಕೋಣೆಯನ್ನೇ ಶೋಧಿಸಿ, ಕೈದಿಯೊಬ್ಬನ ಸಂದರ್ಶನವನ್ನು ತೆಗೆದುಕೊಂಡು ಹೋದರು. ಇವನ್ನೆಲ್ಲ ಓದಿದ ಮೇಲೆ ಒಪ್ಪಿಗೆ ಪತ್ರದ ಆ ಒಂದು ಸಾಲು ಬರೆಯಲು ನನ್ನ ಕೈ ಏಳಲಿಲ್ಲ. ಯುರೋಪಿನ ದತ್ತಾಂಶ ರಕ್ಷಣೆಯ ಕಾನೂನಿನಲ್ಲಿ ಒಬ್ಬರ ಅಪರಾಧದ ದಾಖಲೆಗೆ ಪ್ರತ್ಯೇಕ ರಕ್ಷಣೆ ಇದೆ, ಅದು ಒಳ್ಳೆಯದೇ, ಆದರೆ ಅದು ನ್ಯಾಯಾಲಯದ ಆದೇಶವನ್ನು ತಡೆದು ನಿಲ್ಲಿಸುವ ಗೋಡೆಯಲ್ಲ.

ನಾರ್ವೆಗೆ ಬರಲು ನನಗೆ ಕಾರಣ ಒಂದು ಹಳೆಯ ವಿದ್ಯಾರ್ಥಿ ಪ್ರಬಂಧ. ಎರಡನೇ ಮಹಾಯುದ್ಧದಲ್ಲಿ ಉತ್ತರ ನಾರ್ವೆಯ ಜರ್ಮನ್ ಶಿಬಿರಗಳಲ್ಲಿ ಯುಗೊಸ್ಲಾವಿಯಾದ ಕೈದಿಗಳನ್ನು ಇಟ್ಟಿದ್ದರು. ಅಲ್ಲಿ ಕಾವಲಿಗೆ ನಾರ್ವೆಯವರೂ ಇದ್ದರು. ಕೆಲವರು ಹಿಂಸಿಸಿದರು, ಕೊಂದರು. ಕೆಲವರು ಮಾಡಲಿಲ್ಲ. ಯಾಕೆ? ಯುದ್ಧ ಮುಗಿದ ಮೇಲೆ ನಿಲ್ಸ್ ಕ್ರಿಸ್ಟಿ ಎಂಬ ಯುವ ವಿದ್ಯಾರ್ಥಿ ಆ ಕಾವಲುಗಾರರನ್ನೇ ಹುಡುಕಿ ಮಾತಾಡಿಸಿದ. ಕೊಂದವರಲ್ಲಿ ರಾಕ್ಷಸರು ಕಾಣಲಿಲ್ಲ, ಕೊಲ್ಲದವರ ಹಾಗೆಯೇ ಸಾಧಾರಣ ಜನ. ಆದರೆ ಹಿಂಸೆಗೆ ಇಳಿಯದವರು ಕೈದಿಗಳಿಗೆ ಹೆಚ್ಚು ಹತ್ತಿರ ಹೋಗಿದ್ದರು, ಅವರ ಮಾತು ಸ್ವಲ್ಪವಾದರೂ ಕೇಳಿದ್ದರು, ಜೇಬಿನಲ್ಲಿದ್ದ ಹೆಂಡತಿ ಮಕ್ಕಳ ಫೋಟೋ ನೋಡಿದ್ದರು. ಆ ವಿದ್ಯಾರ್ಥಿ ಮುಂದೆ ಓಸ್ಲೋದಲ್ಲಿ ಪ್ರೊಫೆಸರ್ ಆದರು. 2015ರಲ್ಲಿ ತೀರಿಕೊಳ್ಳುವ ತನಕ ಅವರು ಪದೇ ಪದೇ ಹೇಳಿದ್ದು ಒಂದೇ, ಶಿಕ್ಷೆ ಅಂದರೆ ಬೇಕೆಂದೇ ಕೊಡುವ ನೋವು, ಅದನ್ನು ಬೇರೆ ಹೆಸರಿನಲ್ಲಿ ಮುಚ್ಚಬೇಡಿ ಅಂತ. ಇಲ್ಲಿ ಸೆಮಿನಾರಿನಲ್ಲಿ ನನ್ನ ಪ್ರಶ್ನೆ ಹೇಳಿದಾಗ, ಮತ್ತೆ ಬಂದವನನ್ನು ಎಣಿಸುವ ಮೊದಲು ಅವನನ್ನು ಯಾರಾದರೂ ಹತ್ತಿರದಿಂದ ನೋಡಿದ್ದಾರಾ ಅಂತ ಅಲ್ಲಿದ್ದವರು ಕೇಳಿದರು.

ನಾರ್ವೆಯಲ್ಲಿ ಎಣಿಕೆಯೂ ಚೆನ್ನಾಗಿದೆ ಎನ್ನುವುದನ್ನು ಹೇಳಲೇಬೇಕು. ಪ್ರತಿಯೊಬ್ಬರಿಗೂ ಒಂದು ಗುರುತಿನ ಸಂಖ್ಯೆ ಇರುವುದರಿಂದ ಶಾಲೆ, ಕೆಲಸ, ಮದುವೆ, ಶಿಕ್ಷೆ ಎಲ್ಲವನ್ನೂ ಅನುಮತಿ ಪಡೆದು ಜೋಡಿಸಿ ನೋಡಬಹುದು. ಅಮೆರಿಕದ ನನ್ನ ಗೆಳತಿ ಇದನ್ನು ಕೇಳಿ ಹೊಟ್ಟೆಕಿಚ್ಚುಪಟ್ಟಳು. ಆದರೆ ನಾನು ಆರಿಸಿಕೊಂಡಿದ್ದು ಮಾತಾಡಿಸುವ ದಾರಿ. ಅದಕ್ಕೆ ಇಲ್ಲಿನ ಭಾಷೆ ಕಲಿಯಲೇಬೇಕಿತ್ತು. ಎರಡು ವರ್ಷ ಹಿಡಿಯಿತು. ಇಂಗ್ಲಿಷ್‌ನಲ್ಲೇ ಎಲ್ಲ ನಡೆಯುತ್ತದೆ ಅಂತ ಕೋರ್ಸಿನ ಪುಟದಲ್ಲಿ ಬರೆದಿರುತ್ತಾರೆ, ತರಗತಿಯ ಮಟ್ಟಿಗೆ ಅದು ನಿಜವೇ. ಆದರೆ ಬಿಡುಗಡೆಯಾದ ಮನುಷ್ಯ ತನ್ನ ಮೊದಲ ರಾತ್ರಿ ಎಲ್ಲಿ ಮಲಗಿದೆ ಅಂತ ಹೇಳುವುದು ತನ್ನ ಭಾಷೆಯಲ್ಲೇ.

ಒಪ್ಪಿಗೆ ಪತ್ರವನ್ನು ನಾಲ್ಕು ಸಲ ತಿದ್ದಿದೆ. ಗುಟ್ಟಾಗಿರುತ್ತದೆ ಎಂಬ ಸಾಲು ತೆಗೆದುಹಾಕಿದೆ. ಅದರ ಬದಲು, ಇನ್ನೂ ಯಾರಿಗೂ ಗೊತ್ತಿಲ್ಲದ ಅಪರಾಧಗಳ ವಿವರ ನನಗೆ ಹೇಳಬೇಡಿ, ಹೆಸರು ಜಾಗ ಹೇಳಬೇಡಿ, ಧ್ವನಿಮುದ್ರಣವನ್ನು ಬರಹಕ್ಕೆ ಇಳಿಸಿದ ಕೂಡಲೇ ಅಳಿಸುತ್ತೇನೆ, ನ್ಯಾಯಾಲಯ ಕೇಳಿದರೆ ಏನಾಗಬಹುದು ಅಂತ ಇಲ್ಲಿ ಬರೆದಿದ್ದೇನೆ, ಓದಿ ನೋಡಿ ಅಂತ ಹಾಕಿದೆ. ಇದನ್ನು ನೋಡಿದರೆ ಯಾರೂ ಮಾತಾಡಲು ಒಪ್ಪುವುದಿಲ್ಲ ಅಂತ ಜೊತೆಗಾರರು ಹೇಳಿದರು.

ಮೊದಲು ಬಂದವರು ಐವತ್ತು ದಾಟಿದ ಒಬ್ಬರು. ಪತ್ರವನ್ನು ನಿಧಾನವಾಗಿ, ಎರಡು ಸಲ ಓದಿದರು. ಕೊನೆಯ ಭಾಗದ ಬಗ್ಗೆ ಮೂರು ಪ್ರಶ್ನೆ ಕೇಳಿದರು. ಒಂದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಇಲ್ಲ ಅಂತಲೇ ಹೇಳಿದೆ. ಸಹಿ ಹಾಕಿದರು. ಆಮೇಲೆ ಎರಡು ಗಂಟೆ ಮಾತಾಡಿದರು. ಮರಗೆಲಸ ಕಲಿತದ್ದು, ಅಕ್ಕನ ಮಗಳಿಗೆ ಮಾಡಿಕೊಟ್ಟ ಮೇಜು, ಅದರ ಒಂದು ಕಾಲು ಗಿಡ್ಡವಾಗಿ ಮತ್ತೆ ಬಿಚ್ಚಿ ಜೋಡಿಸಿದ್ದು. ನನ್ನ ಪಟ್ಟಿಯಲ್ಲಿ ಹನ್ನೊಂದು ಪ್ರಶ್ನೆಗಳಿದ್ದವು. ಅವತ್ತು ಕೇಳಲು ಆಗಿದ್ದು ಎರಡು. ಉಳಿದದ್ದಕ್ಕೆ ಮುಂದಿನ ಮಂಗಳವಾರ ಬರುತ್ತೇನೆ ಅಂದಿದ್ದಾರೆ.